ಗಾಡಿ ಹಚ್ಚಲು ಜಾಗ ಇದೆ, ಮುಂಜಾನೆ ಹತ್ತೂವರೆಗೇ ತುಂಬಿರುತ್ತದೆ

ಪ್ರಶ್ನೆ: ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಜವಳಿ ಅಂಗಡಿ ಇದೆ. ಅಪ್ಪನ ಕಾಲದ್ದು. ಗದಗ, ಹಾವೇರಿ, ನವಲಗುಂದ ಕಡೆಯಿಂದ ಮದುವೆ ಬಟ್ಟೆಗೆ ಬರುತ್ತಿದ್ದ ಗಿರಾಕಿಗಳು ಈಗ “ಗಾಡಿ ಹಚ್ಚಾಕ ಜಾಗ ಇಲ್ರಿ ನಿಮ್ಮಲ್ಲಿ” ಎನ್ನುತ್ತ ಊರ ಹೊರಗಿನ ದೊಡ್ಡ ಮಳಿಗೆಗಳಿಗೆ ಹೋಗುತ್ತಿದ್ದಾರೆ. ಪೇಟೆಯಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಿಸಿ ಅಂತ ನಾವು ವ್ಯಾಪಾರಿಗಳೆಲ್ಲ ಸೇರಿ ಮನವಿ ಕೊಡಬೇಕೆಂದಿದ್ದೇವೆ. ರಸ್ತೆಯಲ್ಲಿ ನಿಲ್ಲಿಸುವುದಕ್ಕೂ ಶುಲ್ಕ ಹಾಕುತ್ತಾರೆ ಅನ್ನುವ ಮಾತೂ ಓಡಾಡುತ್ತಿದೆ. ಅದನ್ನು ವಿರೋಧಿಸಬೇಕೇ? ಇದಕ್ಕೆ ಸರಿಯಾದ ದಾರಿ ಯಾವುದು?

ಉತ್ತರ: ಶುಲ್ಕದ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ವಿರೋಧಿಸಬೇಡಿ, ಷರತ್ತು ಹಾಕಿ ಒಪ್ಪಿಕೊಳ್ಳಿ. ಬಹುಮಹಡಿ ಕಟ್ಟಡದ ಮನವಿ ಸದ್ಯಕ್ಕೆ ನಿಮ್ಮ ಗಲ್ಲಾ ಪೆಟ್ಟಿಗೆಯಲ್ಲೇ ಇರಲಿ. ಯಾಕೆ ಅಂತ ಹೇಳುವ ಮೊದಲು ಒಂದು ಬೂದು ಬಣ್ಣದ ಆಕ್ಟಿವಾದ ಕಥೆ ಕೇಳಿ.

ಕೆಲವು ವರ್ಷಗಳ ಹಿಂದೆ ನಿಮ್ಮಂಥದ್ದೇ ಒಂದು ಓಣಿಯಲ್ಲಿ ಗಾಡಿ ಎಣಿಸಲು ಹೋಗಿದ್ದೆ. ಕರೆಸಿದವರು ಅಲ್ಲಿನ ವ್ಯಾಪಾರಿಗಳೇ. ಜೊತೆಗೆ ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗರು, ಕೈಯಲ್ಲಿ ಗೆರೆ ಎಳೆದ ಹಾಳೆ. ಕೆಲಸ ಇಷ್ಟೇ: ಅರ್ಧ ಗಂಟೆಗೊಮ್ಮೆ ಓಣಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು, ನಿಂತಿರುವ ಪ್ರತಿ ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳಬೇಕು. ಮುಂಜಾನೆ ಹತ್ತೂವರೆಗೆ ಮೂಲೆಯ ಲೈಟ್ ಕಂಬದ ಪಕ್ಕ ಆ ಆಕ್ಟಿವಾ ಇತ್ತು. ಸೀಟು ಕಾಯಬಾರದು ಅಂತ ಮೇಲೊಂದು ಹಳೆಯ ಟವೆಲ್. ಹನ್ನೊಂದಕ್ಕೂ ಇತ್ತು. ಮಧ್ಯಾಹ್ನ ಎರಡಕ್ಕೂ ಇತ್ತು, ಅಷ್ಟೊತ್ತಿಗೆ ಯಾರೋ ಟವೆಲ್ ಮೇಲೆ ಚಹಾ ಕುಡಿದ ಕಾಗದದ ಕಪ್ ಇಟ್ಟು ಹೋಗಿದ್ದರು. ಸಂಜೆ ಆರಕ್ಕೆ ನೋಡಿದರೆ ಕಪ್ಪೂ ಅಲ್ಲೇ, ಗಾಡಿಯೂ ಅಲ್ಲೇ. ಈ ನಡುವೆ ಒಬ್ಬ ಅಂಗಡಿ ಮಾಲೀಕರು ನಮಗೆ ಚಹಾ ತರಿಸಿಕೊಟ್ಟು, “ಗಿರಾಕಿಗೆ ನಿಂದ್ರಾಕ ಜಾಗ ಇಲ್ರಿ ಸರ, ಹೆಂಗ ವ್ಯಾಪಾರ ಮಾಡೂದು” ಅಂತ ಎರಡು ಸಲ ಹೇಳಿದ್ದರು. ರಾತ್ರಿ ಎಂಟೂವರೆಗೆ ಶಟರ್ ಎಳೆದು ಕೀಲಿ ಹಾಕಿ ಅವರೇ ಬಂದರು. ಕಪ್ ಎತ್ತಿ ಗಟಾರಕ್ಕೆ ಒಗೆದರು, ಟವೆಲ್ ಮಡಚಿ ಡಿಕ್ಕಿಯಲ್ಲಿಟ್ಟರು, ಆಕ್ಟಿವಾ ಸ್ಟಾರ್ಟ್ ಮಾಡಿಕೊಂಡು ಹೋದರು.

ಹುಡುಗರಿಗೆ ನಗು ತಡೆಯಲಿಲ್ಲ. ಆದರೆ ಹಾಳೆಯಲ್ಲಿ ಅವರೊಬ್ಬರೇ ಇರಲಿಲ್ಲ. ಮುಂಜಾನೆಯ ಸಾಲಿನಲ್ಲಿದ್ದ ನಂಬರುಗಳಲ್ಲಿ ಬಹಳಷ್ಟು ಸಂಜೆಯ ಸಾಲಿನಲ್ಲೂ ಇದ್ದವು. ಕೆಲವು ಮಾಲೀಕರವು, ಹೆಚ್ಚಿನವು ಕೆಲಸದ ಹುಡುಗರವು, ಒಂದೆರಡು ಮೇಲಿನ ಮಹಡಿಯ ಟ್ಯೂಷನ್ ಮಾಸ್ತರರವು. ಗಿರಾಕಿ ಬರುವ ಹೊತ್ತಿಗೆ ಓಣಿ ಭರ್ತಿ. ಭರ್ತಿ ಮಾಡಿದವರು ಓಣಿಯವರೇ.

ಇದನ್ನು ನಿಮ್ಮ ಓಣಿಗೆ ಹಚ್ಚಿ ಲೆಕ್ಕ ಮಾಡೋಣ. ಉದಾಹರಣೆಗೆ ಒಂದು ಬದಿಯಲ್ಲಿ 20 ಅಂಗಡಿ ಅಂತ ಇಟ್ಟುಕೊಳ್ಳಿ. ಒಂದೊಂದರ ಮುಖ 10 ಅಡಿ. ಒಟ್ಟು 200 ಅಡಿ, ಅಂದರೆ ಸುಮಾರು 60 ಮೀಟರ್. ಒಂದು ಸ್ಕೂಟರನ್ನು ನೇರ ನಿಲ್ಲಿಸಿದರೆ, ಹತ್ತಿ ಇಳಿಯುವ ಸಂದಿಯೂ ಸೇರಿ ಒಂದು ಮೀಟರ್ ಅಗಲ ಹಿಡಿಯಿರಿ. ಆ ಬದಿಗೆ 60 ಗಾಡಿ ನಿಲ್ಲುತ್ತವೆ. ಈಗ ಒಂದೊಂದು ಅಂಗಡಿಗೆ ಮಾಲೀಕರು ಒಬ್ಬರು, ಕೆಲಸದವರು ಇಬ್ಬರು. ಮೂವರೂ ಗಾಡಿಯ ಮೇಲೆ ಬಂದರೆ ಇಪ್ಪತ್ತು ಮೂರಲೆ ಅರವತ್ತು. ಮುಗಿಯಿತು! ಒಬ್ಬ ಗಿರಾಕಿಯೂ ಬಾರದೆ ಓಣಿ ತುಂಬಿತು.

ಇನ್ನೊಂದು ಕಡೆಯಿಂದ ನೋಡಿ. ಮುಂಜಾನೆ ಹತ್ತರಿಂದ ರಾತ್ರಿ ಎಂಟರವರೆಗೆ ಹತ್ತು ತಾಸು. ಒಂದೇ ಜಾಗದಲ್ಲಿ ಒಂದೇ ಗಾಡಿ ಹತ್ತು ತಾಸು ನಿಂತರೆ ಅದು ಒಬ್ಬರಿಗೆ ಉಪಯೋಗ. ಅದೇ ಜಾಗದಲ್ಲಿ ಗಾಡಿಗಳು ನಲವತ್ತು ನಲವತ್ತು ನಿಮಿಷ ನಿಂತು ಹೋದರೆ ಹದಿನೈದು ಗಿರಾಕಿಗೆ ಉಪಯೋಗ. ಜಾಗ ಒಂದಿಂಚೂ ಜಾಸ್ತಿ ಆಗಿಲ್ಲ, ಸಿಮೆಂಟು ಒಂದು ಚೀಲ ಖರ್ಚಾಗಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕೆ ಟರ್ನೋವರ್ ಅಂತಾರೆ. ನಿಮಗೆ ಈ ಶಬ್ದ ಹೇಳಿಕೊಡಬೇಕಾಗಿಲ್ಲ. ರ‍್ಯಾಕಿನಲ್ಲಿ ವರ್ಷಗಟ್ಟಲೆ ಕೂತ ಸೀರೆ ನಿಮಗೆ ಎಷ್ಟು ಭಾರವೋ, ದಿನಗಟ್ಟಲೆ ಕೂತ ಗಾಡಿ ಓಣಿಗೆ ಅಷ್ಟೇ ಭಾರ.

ಕಾರಿನ ಲೆಕ್ಕ ಬೇರೆ. ರಸ್ತೆಗೆ ಸಮವಾಗಿ ಸಾಲಾಗಿ ನಿಲ್ಲಿಸಿದರೆ, ಹೊರಗೆ ತೆಗೆಯಲು ಬೇಕಾದ ಜಾಗವೂ ಸೇರಿ ಒಂದು ಕಾರಿಗೆ ಸುಮಾರು 6 ಮೀಟರ್ ಬೇಕು. ಅಂದರೆ ಎರಡು ಅಂಗಡಿಯ ಮುಖ. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ ಅಲ್ವಾ, 1,507 ಮೀಟರ್. ಅಷ್ಟುದ್ದಕ್ಕೂ ಕಾರು ಸಾಲು ಹಚ್ಚಿದರೆ ಎಷ್ಟು ಹಿಡಿಸುತ್ತವೆ ಹೇಳಿ? ಬರೀ 250. ಸ್ಕೂಟರಾದರೆ 1,500. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುವ ಪ್ಲಾಟ್‌ಫಾರ್ಮು ಒಂದು ಸಾಧಾರಣ ಕಲ್ಯಾಣ ಮಂಟಪದ ಮದುವೆಗೆ ಬಂದ ಕಾರುಗಳಿಗೇ ಸಾಲದು. ಹಾಗಾಗಿ ಹಳೇ ಪೇಟೆಯ ಓಣಿಯಲ್ಲಿ ಕಾರಿಗೂ ಜಾಗ, ಸ್ಕೂಟರಿಗೂ ಜಾಗ ಅಂತ ಆಸೆ ಪಡುವುದನ್ನು ಬಿಡಬೇಕು. ಚಕ್ಕಡಿ, ಟಾಂಗಾ ಓಡಾಡುತ್ತಿದ್ದ ಕಾಲದ ಓಣಿಗಳು ಅವು. ಅಲ್ಲಿ ಮೊದಲ ಹಕ್ಕು ನಡೆಯುವವರದು, ಆಮೇಲೆ ಸ್ಕೂಟರಿನದು. ಕಾರು ಹೊರಗೆ ನಿಲ್ಲಲಿ. ಇದು ನನ್ನ ಅಭಿಪ್ರಾಯ, ಕಾರಿದ್ದವರು ಬೈಯುತ್ತಾರೆ, ಬೈಯಲಿ.

ಕಾರುಗಳು ಬೇರೆ ದಪ್ಪ ಆಗಿವೆ. 1983ರಲ್ಲಿ ಬಂದ ಮಾರುತಿ 800 ಉದ್ದ 3.3 ಮೀಟರ್ ಇತ್ತು, ಅಗಲ ಒಂದೂವರೆ ಮೀಟರಿಗಿಂತ ಕಡಿಮೆ. ಈಗ ರಸ್ತೆಯಲ್ಲಿ ಎಲ್ಲೆಲ್ಲೂ ಕಾಣುವ ಕ್ರೆಟಾ 4.3 ಮೀಟರ್ ಉದ್ದ, ಸುಮಾರು 1.8 ಮೀಟರ್ ಅಗಲ. ಓಣಿಯ ಅಗಲ ಮಾತ್ರ ಅಜ್ಜನ ಕಾಲದ್ದೇ. ಅದೂ ಪೂರ್ತಿ ಉಳಿದಿಲ್ಲ, ಗಟಾರದ ಮೇಲೆ ಕಟ್ಟೆ ಬಂದಿವೆ.

ಈಗ ಬಹುಮಹಡಿ ಪಾರ್ಕಿಂಗ್ ವಿಷಯಕ್ಕೆ ಬರುತ್ತೇನೆ. ಕಾರು ನಿಲ್ಲುವ ಚೌಕ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಅಂದುಕೊಳ್ಳಿ. 12.5 ಚದರ ಮೀಟರ್, ಹತ್ತಿರ ಹತ್ತಿರ 135 ಚದರ ಅಡಿ. ಪೇಟೆಯಲ್ಲಿ ಎಷ್ಟೋ ಅಂಗಡಿಗಳೇ ಇಷ್ಟಿರುತ್ತವೆ. ಆದರೆ ಕಾರು ಆಕಾಶದಿಂದ ಇಳಿದು ಚೌಕದಲ್ಲಿ ಕೂರುವುದಿಲ್ಲ. ಒಳಗೆ ಬರುವ ದಾರಿ ಬೇಕು, ತಿರುಗಿಸುವ ಜಾಗ ಬೇಕು, ಮೇಲೆ ಹತ್ತುವ ಇಳಿಜಾರು ಬೇಕು, ನಡುವೆ ಕಂಬಗಳು ಇರುತ್ತವೆ. ದೆಹಲಿಯ ಮಾಸ್ಟರ್ ಪ್ಲಾನ್‌ನಲ್ಲಿ ಬಯಲಿನಲ್ಲಿ ಒಂದು ಕಾರಿಗೆ 23 ಚದರ ಮೀಟರ್, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್ ಲೆಕ್ಕ ಹಿಡಿದಿದ್ದಾರೆ. 32 ಚದರ ಮೀಟರ್ ಅಂದರೆ ಸುಮಾರು 345 ಚದರ ಅಡಿ. ನಿಮ್ಮ ಅಂಗಡಿಯ ಬಾಡಿಗೆಯನ್ನು ಚದರ ಅಡಿಗೆ ಭಾಗಿಸಿ, 345ರಿಂದ ಗುಣಿಸಿ ನೋಡಿ. ಆ ಜಾಗದಲ್ಲಿ ಒಂದು ಕಾರು ನಿಲ್ಲಿಸಲು ತಿಂಗಳಿಗೆ ಅಷ್ಟು ದುಡ್ಡು ಬರಬೇಕು. ಹತ್ತು, ಇಪ್ಪತ್ತು ರೂಪಾಯಿಯ ಚೀಟಿಯಿಂದ ಅದು ಹುಟ್ಟುವುದಿಲ್ಲ. ಹಾಗಾಗಿಯೇ ಇಂಥ ಯೋಜನೆಗಳಲ್ಲಿ ಖಾಸಗಿಯವರು ಬಂದರೆ ಕೆಳಗೆ ಅಂಗಡಿ ಸಾಲು ಕೇಳುತ್ತಾರೆ. ಅಂಗಡಿ ಬಂದರೆ ಅವಕ್ಕೂ ಗಿರಾಕಿ, ಆ ಗಿರಾಕಿಗೂ ಗಾಡಿ.

ಅದೂ ಹೋಗಲಿ, ಸರಕಾರವೇ ಕಟ್ಟಿತು ಅನ್ನಿ. ಬೆಂಗಳೂರಿನ ಫ್ರೀಡಂ ಪಾರ್ಕ್ ಪಕ್ಕ 2024ರಲ್ಲಿ 500ಕ್ಕೂ ಹೆಚ್ಚು ಕಾರು ಹಿಡಿಸುವ ಬಹುಮಹಡಿ ಪಾರ್ಕಿಂಗ್ ತೆರೆದರು. ಗಾಂಧಿನಗರದಂಥ ಗಿಜಿಗುಡುವ ಪೇಟೆಯ ಪಕ್ಕ. ಶುರುವಿನಲ್ಲಿ ಒಳಗೆ ಬಹಳಷ್ಟು ಖಾಲಿ, ಹೊರಗಿನ ರಸ್ತೆಗಳಲ್ಲಿ ಎಂದಿನಂತೆ ಗಾಡಿ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ರಸ್ತೆಯಲ್ಲಿ ಪುಕ್ಕಟೆ ನಿಲ್ಲಿಸಬಹುದು ಅಂದಮೇಲೆ ದುಡ್ಡು ಕೊಟ್ಟು ಮೂರನೇ ಮಹಡಿ ಯಾರು ಹತ್ತುತ್ತಾರೆ? ನೀವೂ ಹತ್ತುವುದಿಲ್ಲ, ನಾನೂ ಹತ್ತುವುದಿಲ್ಲ. ಮೊದಲು ರಸ್ತೆಗೆ ಬೆಲೆ ಕಟ್ಟಬೇಕು, ಆಮೇಲೆ ಕಟ್ಟಡ. ನಮ್ಮ ಊರುಗಳಲ್ಲಿ ಬೇಡಿಕೆ ಯಾವಾಗಲೂ ಉಲ್ಟಾ ಇರುತ್ತದೆ, ಮೊದಲು ಕಟ್ಟಡ, ಆಮೇಲೆ ನೋಡೋಣ.

ಕಟ್ಟಡ ಬೇಕೇ ಬೇಕು ಅನ್ನುವವರಿಗೆ ನಾನು ಇನ್ನೊಂದು ಮಾತು ಕೇಳುತ್ತೇನೆ. ಈಗಾಗಲೇ ಕಟ್ಟಿರುವುದು ಎಲ್ಲಿ ಹೋಯಿತು? ಯಾವುದೇ ದೊಡ್ಡ ವಾಣಿಜ್ಯ ಕಟ್ಟಡದ ಮಂಜೂರಾದ ನಕ್ಷೆ ತೆಗೆದು ನೋಡಿ. ನೆಲಮಾಳಿಗೆಯಲ್ಲಿ ‘ಪಾರ್ಕಿಂಗ್’ ಅಂತ ಚೆಂದಾಗಿ ಬರೆದಿರುತ್ತದೆ, ಕಾರಿನ ಚಿತ್ರ ಕೂಡ ಇರುತ್ತದೆ. ಕೆಳಗಿಳಿದು ನೋಡಿದರೆ ಗೋದಾಮು, ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ. ಕೆಲವು ಕಡೆ ಇಳಿಜಾರನ್ನೇ ಒಡೆದು ಮೆಟ್ಟಿಲು ಮಾಡಿರುತ್ತಾರೆ. ಕಾರು ಮೆಟ್ಟಿಲು ಇಳಿಯುತ್ತದೆಯೇ? ಪಾಲಿಕೆ ಆಗೀಗ ನೋಟಿಸು ಕೊಡುತ್ತದೆ, ಜೆಸಿಬಿ ಬರುತ್ತದೆ, ಫೋಟೊ ಬರುತ್ತದೆ, ಮೂರು ತಿಂಗಳಿಗೆ ಮತ್ತೆ ಶಟರ್ ಏಳುತ್ತದೆ. ನೀವು ಮನವಿ ಕೊಡುವುದೇ ಆದರೆ ಇದನ್ನು ಕೇಳಿ: ನಮ್ಮ ಪೇಟೆಯ ವಾಣಿಜ್ಯ ಕಟ್ಟಡಗಳ ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗ್ ಎಷ್ಟು, ಈಗ ಬಳಕೆಯಲ್ಲಿ ಇರುವುದು ಎಷ್ಟು, ಪಟ್ಟಿ ಕೊಡಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಸಾಕು. ಹೊಸ ಬಹುಮಹಡಿಗೆ ಸುರಿಯುವ ಕೋಟಿಗಳಿಗಿಂತ ಈ ಪಟ್ಟಿಯಿಂದ ಬೇಗ ಜಾಗ ಸಿಗುತ್ತದೆ. ಆದರೆ ಅರ್ಜಿ ಬರೆಯುವ ಮೊದಲು ನಿಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಏನಿದೆ ಅಂತ ಸುಮ್ನೆ ಒಂದು ಸಲ ಇಳಿದು ನೋಡಿ ಬನ್ನಿ.

ಇನ್ನು ಶುಲ್ಕ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಹೇಳಿದ್ದಾರೆ, ಪಾರ್ಕಿಂಗ್ ಶುಲ್ಕವು ಆ ಜಾಗದ ನಿಜವಾದ ಬೆಲೆಗೆ ತಕ್ಕಂತೆ ಇರಬೇಕು ಅಂತ. ಎರಡು ದಶಕ ಆಗುತ್ತ ಬಂದರೂ ಬಹುತೇಕ ಊರುಗಳು ಅದನ್ನು ಓದಿ ಪಕ್ಕಕ್ಕೆ ಇಟ್ಟಿವೆ. ಜಗತ್ತಿನಲ್ಲಿ ಈ ವಿಷಯವನ್ನು ಜೀವಮಾನವಿಡೀ ಓದಿದವರು ಲಾಸ್ ಏಂಜಲೀಸ್‌ನ ಪ್ರೊಫೆಸರ್ ಡೊನಾಲ್ಡ್ ಶೂಪ್. 2025ರಲ್ಲಿ ತೀರಿಕೊಂಡರು. ತಮ್ಮ ವಿಶ್ವವಿದ್ಯಾಲಯದ ಪಕ್ಕದ ಪೇಟೆಯಲ್ಲಿ ಅವರು ಅಳೆದಾಗ, ರಸ್ತೆ ಬದಿಯ ಜಾಗ ಹುಡುಕಲು ಒಂದು ಕಾರು ಸರಾಸರಿ 3.3 ನಿಮಿಷ ಸುತ್ತುತ್ತಿತ್ತು. ಏನು ಮಹಾ ಅನ್ನಿಸಬಹುದು. ಹದಿನೈದು ಬ್ಲಾಕಿನ ಆ ಸಣ್ಣ ಪೇಟೆಯಲ್ಲಿ ವರ್ಷದ ಲೆಕ್ಕ ಹಾಕಿದರೆ ಅದು ಸುಮಾರು 15 ಲಕ್ಷ ಕಿಲೋಮೀಟರ್ ಸುಮ್ಮನೆ ಸುತ್ತಾಟ. ಕೊಪ್ಪಿಕರ್ ರಸ್ತೆಯಲ್ಲಿ ಸಂಜೆ ನಿಧಾನಕ್ಕೆ ತೆವಳುವ ಗಾಡಿಗಳಲ್ಲಿ ಎಷ್ಟು ಎಲ್ಲಿಗೋ ಹೋಗುತ್ತಿವೆ, ಎಷ್ಟು ಜಾಗ ಹುಡುಕುತ್ತಿವೆ ಅಂತ ಒಮ್ಮೆ ಡ್ರೈವರ್‌ಗಳ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಹುಡುಕುವವರು ಮುಂದೆ ನೋಡುವುದಿಲ್ಲ, ಎಡಕ್ಕೆ ನೋಡುತ್ತಾರೆ.

ಶೂಪ್ ಹೇಳಿದ ಸೂತ್ರ ಬಹಳ ಸರಳ. ಯಾವ ಹೊತ್ತಿನಲ್ಲಿ ನೋಡಿದರೂ ಏಳರಲ್ಲಿ ಒಂದು ಜಾಗ ಖಾಲಿ ಇರುವಷ್ಟು ದರ ಇಡಿ. ಪೂರ್ತಿ ತುಂಬಿದ್ದರೆ ಇಟ್ಟ ದರ ಕಡಿಮೆ, ಅರ್ಧ ಖಾಲಿ ಇದ್ದರೆ ಇಟ್ಟ ದರ ಜಾಸ್ತಿ ಅಂತ ಅರ್ಥ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2011ರಿಂದ ಇದನ್ನೇ ಮಾಡಿ ನೋಡಿದರು. ಬೇಡಿಕೆ ಇರುವ ಬೀದಿಯಲ್ಲಿ ದರ ಏರಿತು, ಇಲ್ಲದ ಬೀದಿಯಲ್ಲಿ ಇಳಿಯಿತು. ಕೊನೆಗೆ ಒಟ್ಟು ಸರಾಸರಿ ದರ ಸ್ವಲ್ಪ ಇಳಿದೇ ಇತ್ತು. ನಮ್ಮಲ್ಲಿ ಇಷ್ಟು ನಾಜೂಕು ಸದ್ಯಕ್ಕೆ ಬೇಕಿಲ್ಲ. ಬೈಕಿಗೆ ಮೊದಲ ಅರ್ಧ ತಾಸು ಪುಕ್ಕಟೆ, ಆಮೇಲೆ ತಾಸಿಗೆ ಐದು ರೂಪಾಯಿ, ಮೂರನೇ ತಾಸಿನಿಂದ ಇಪ್ಪತ್ತು. ಹೀಗೆ ಇಟ್ಟರೆ ಟಿಕಳಿ ಪಾಕೀಟು ತಗೊಳ್ಳಲು ಬಂದವರಿಗೆ ಒಂದು ಪೈಸೆ ಖರ್ಚಿಲ್ಲ, ದಿನವಿಡೀ ಟವೆಲ್ ಹಾಸುವವರಿಗೆ ಮಾತ್ರ ನೂರೈವತ್ತರ ಮೇಲೆ ಬೀಳುತ್ತದೆ. ಮರುದಿನ ಅವರು ಬಸ್ ಹತ್ತುತ್ತಾರೆ, ಇಲ್ಲವೇ ದೂರ ನಿಲ್ಲಿಸಿ ನಡೆದು ಬರುತ್ತಾರೆ. ದಿನಕ್ಕೆಲ್ಲ ಒಂದೇ ಹತ್ತು ರೂಪಾಯಿ ಅನ್ನುವ ಚೀಟಿ ಇದೆಯಲ್ಲ, ಅದನ್ನು ಮಾತ್ರ ಒಪ್ಪಬೇಡಿ. ಅದು ದಿನವಿಡೀ ನಿಲ್ಲಿಸಿ ಅಂತ ಕೊಡುವ ಆಮಂತ್ರಣ.

ಷರತ್ತು ಅಂದೆನಲ್ಲ, ಅದು ದುಡ್ಡಿನ ಬಗ್ಗೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ಹಳೇ ಪೇಟೆ ಒಂದು ಕಾಲಕ್ಕೆ ಹಾಳು ಬಿದ್ದಿತ್ತು. 1993ರಲ್ಲಿ ಅಲ್ಲಿ ಪಾರ್ಕಿಂಗ್ ಮೀಟರ್ ಹಾಕುತ್ತೇವೆ ಅಂದಾಗ ಅಂಗಡಿಯವರು ನಿಮ್ಮ ಹಾಗೇ ಹೆದರಿದರು, ಇರುವ ಗಿರಾಕಿಯೂ ಹೋಗುತ್ತಾರೆ ಅಂತ. ಮೀಟರಿನ ದುಡ್ಡನ್ನು ಅದೇ ಪೇಟೆಯ ಪಾದಚಾರಿ ದಾರಿ, ದೀಪ, ಗಿಡ, ಸ್ವಚ್ಛತೆಗೆ ಹಾಕುತ್ತೇವೆ ಅಂತ ಆಡಳಿತ ಮಾತು ಕೊಟ್ಟಿತು, ಹಾಗೇ ನಡೆದುಕೊಂಡಿತು ಕೂಡ. ಪೇಟೆ ಮತ್ತೆ ಎದ್ದು ನಿಂತಿತು. ನೀವು ಕೇಳಬೇಕಾದದ್ದು ಇದನ್ನೇ. ನಮ್ಮ ಓಣಿಯಲ್ಲಿ ಹುಟ್ಟಿದ ದುಡ್ಡಿನಲ್ಲಿ ಇಂತಿಷ್ಟು ಪಾಲು ನಮ್ಮ ಓಣಿಗೇ ಬರಬೇಕು: ಗಟಾರದ ಮೇಲಿನ ಕಲ್ಲು ಸರಿಯಾಗಬೇಕು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಬೇಕು, ರಾತ್ರಿ ದೀಪ ಉರಿಯಬೇಕು. ಮದುವೆ ಬಟ್ಟೆಗೆ ಬರುವವರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು ಅಲ್ವಾ? ಶೌಚಾಲಯ ಇಲ್ಲದ ಪೇಟೆಗೆ ಅವರು ಬರುವುದು ಕಡಿಮೆ ಮಾಡಲು ಪಾರ್ಕಿಂಗ್ ಒಂದೇ ಕಾರಣ ಅಲ್ಲ. ಇದನ್ನು ಯಾವ ಗಿರಾಕಿಯೂ ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ.

ವಸೂಲಿಯನ್ನು ಗುತ್ತಿಗೆಗೆ ಕೊಟ್ಟರೆ ಇನ್ನೊಂದು ಎಚ್ಚರ ಬೇಕು. ಗುತ್ತಿಗೆದಾರನಿಗೆ ಜಾಸ್ತಿ ಗಾಡಿ ತುರುಕುವುದರಲ್ಲಿ ಲಾಭ, ತಿರುಗಿಸುವುದರಲ್ಲಿ ಅಲ್ಲ. ಎರಡು ಸಾಲಿನ ಜಾಗದಲ್ಲಿ ಮೂರು ಸಾಲು ಹಚ್ಚಿಸುತ್ತಾನೆ, ಹಿಂದಿನ ಗಾಡಿ ತೆಗೆಯಲು ಮುಂದಿನ ನಾಲ್ಕನ್ನು ಎತ್ತಿಡಬೇಕು. ನೆಲದ ಮೇಲೆ ಬಿಳಿ ಗೆರೆ, ದರದ ಬೋರ್ಡು, ಹೊತ್ತು ಬರೆದ ಚೀಟಿ. ಈ ಮೂರು ಇಲ್ಲದಿದ್ದರೆ ಯಾರಿಗೂ ದುಡ್ಡು ಕೊಡಬೇಡಿ, ಕೊಡಬೇಡಿ ಅಂತ ಗಿರಾಕಿಗೂ ಹೇಳಿ.

ಈಗ ನಿಮ್ಮ ಅಂಗಡಿಯ ವಿಷಯ, ಯಾಕಂದ್ರೆ ಮೇಲಿನ ಲೆಕ್ಕ ನಿಮ್ಮ ಎಲ್ಲ ಗಿರಾಕಿಗಳಿಗೆ ಹೊಂದುವುದಿಲ್ಲ. ಲಂಗದ ಲೈನಿಂಗ್ ಬಟ್ಟೆಗೆ ಬಂದವರು ಇಪ್ಪತ್ತು ನಿಮಿಷಕ್ಕೆ ಹೋಗುತ್ತಾರೆ. ಮದುವೆ ಜವಳಿಗೆ ಬರುವವರು ಹಾಗಲ್ಲ. ನವಲಗುಂದದ ಹಳ್ಳಿಯಿಂದ ಒಂದು ಕ್ರೂಸರ್ ಬರುತ್ತದೆ. ಒಳಗೆ ಹನ್ನೆರಡು ಮಂದಿ: ಮದುಮಗಳು, ಅವ್ವ, ಇಬ್ಬರು ಅತ್ತೆಯಂದಿರು, ಸೋದರಮಾವ, ಲೆಕ್ಕಕ್ಕೊಬ್ಬರು ಹಿರಿಯರು, ಮೇಲೆ ಎರಡು ಕೂಸು. ನಾಲ್ಕು ತಾಸು ಕೂರುತ್ತಾರೆ. ಬಿಲ್ಲೂ ದೊಡ್ಡದು. ಆ ಕ್ರೂಸರ್ ಸುಮಾರು ಐದು ಮೀಟರ್ ಉದ್ದ. ಅದು ನಿಮ್ಮ ಓಣಿಯಲ್ಲಿ ನಿಂತರೆ ಐದಾರು ಸ್ಕೂಟರಿನ ಜಾಗ ನಾಲ್ಕು ತಾಸು ಬಂದ್. ಅದರ ಡ್ರೈವರ್‌ಗೆ ಬೇಕಾಗಿರುವುದು ನಿಮ್ಮ ಬಾಗಿಲಲ್ಲ. ನೆರಳು, ಒಂದು ಚಹಾದ ಅಂಗಡಿ, ಪೊಲೀಸರ ಕಾಟ ಇಲ್ಲದ ಮೈದಾನ.

ಹಾಗಾಗಿ ಗಿರಾಕಿಯನ್ನು ಓಣಿಯ ಬಾಯಲ್ಲಿ ಇಳಿಸಿ ಗಾಡಿಯನ್ನು ದೂರ ಕಳಿಸುವ ವ್ಯವಸ್ಥೆ ಮಾಡಿ. ದೂರ ಅಂದರೆ ಎಲ್ಲಿ? ಪೇಟೆಯ ಸುತ್ತ ಹಗಲು ಖಾಲಿ ಬಿದ್ದಿರುವ ಅಂಗಳಗಳನ್ನು ಹುಡುಕಿ. ಮದುವೆ ಇಲ್ಲದ ದಿನ ಕಲ್ಯಾಣ ಮಂಟಪ, ಮುಚ್ಚಿದ ಟಾಕೀಸಿನ ಕಂಪೌಂಡು, ರಜೆಯ ದಿನ ಶಾಲೆಯ ಮೈದಾನ. ಒಂದು ಅಂಗಡಿಗೆ ಆಗುವ ಖರ್ಚಲ್ಲ ಇದು, ಇಪ್ಪತ್ತು ಅಂಗಡಿ ಸೇರಿದರೆ ಆಗುತ್ತದೆ. ತಿಂಗಳಿಗೆ ಇಷ್ಟು ಅಂತ ಬಾಡಿಗೆ ಮಾತಾಡಿ, ಒಬ್ಬ ಕಾವಲುಗಾರನನ್ನು ಇಡಿ. ಡ್ರೈವರ್ ತಂದ ಚೀಟಿಗೆ ಯಾವ ಅಂಗಡಿಯಲ್ಲಿ ಖರೀದಿಯೋ ಅವರು ಶಿಕ್ಕಾ ಹೊಡೆದು ಬಿಲ್ಲಿನಲ್ಲಿ ಆ ಶುಲ್ಕ ಕಳೆಯಲಿ. ಊರ ಹೊರಗಿನ ದೊಡ್ಡ ಮಳಿಗೆಯವರು ಮಾಡುವುದೂ ಇಷ್ಟೇ. ಅಲ್ಲಿನ ಪಾರ್ಕಿಂಗ್ ಪುಕ್ಕಟೆ ಅಲ್ಲ, ಸೀರೆಯ ಬೆಲೆಯಲ್ಲಿ ಸೇರಿರುತ್ತದೆ.

ಆಕ್ಟಿವಾ ಮಾಲೀಕರ ಕಥೆ ಅರ್ಧಕ್ಕೆ ಬಿಟ್ಟೆ. ಹಾಳೆ ತೋರಿಸಿದಾಗ ಅವರು ನಕ್ಕು, ಮರುದಿನದಿಂದ ಗಾಡಿಯನ್ನು ಹತ್ತಿರದ ಬೀಗರ ಮನೆಯಂಗಳದಲ್ಲಿ ಹಚ್ಚತೊಡಗಿದರು. ಒಂದು ವಾರ ಬಿಟ್ಟು ನಾನು ಆ ಕಡೆ ಹೋದಾಗ ಕಂಬದ ಪಕ್ಕ ಒಂದು ಕೆಂಪು ಪಲ್ಸರ್ ನಿಂತಿತ್ತು. ಎದುರಿನ ಸ್ಟೀಲ್ ಪಾತ್ರೆ ಅಂಗಡಿಯ ಹುಡುಗನದು. ಮಾಲೀಕರ ಮುಖ ನೋಡಬೇಕಿತ್ತು ನೀವು! ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ಹಿಡಿಯುತ್ತಾರೆ, ಅದಕ್ಕೇ ಇದು ಒಳ್ಳೆಯತನದಿಂದ ಬಗೆಹರಿಯುವ ಕೆಲಸ ಅಲ್ಲ. ದರ ಬೇಕು, ಅಥವಾ ಇಡೀ ಓಣಿ ಒಪ್ಪಿ ಬರೆದ ನಿಯಮ ಬೇಕು.

ಕೆಲಸದ ಹುಡುಗರ ಮೇಲೆ ಮಾತ್ರ ಹೊರಿಸಬೇಡಿ. ಅವರಲ್ಲಿ ಎಷ್ಟೋ ಮಂದಿ ನವನಗರ, ಉಣಕಲ್, ಧಾರವಾಡ ಕಡೆಯಿಂದ ಬರುತ್ತಾರೆ. ಹುಬ್ಬಳ್ಳಿ-ಧಾರವಾಡದ ನಡುವೆ 22 ಕಿಲೋಮೀಟರ್ ಚಿಗರಿ ಬಸ್ಸು ಬಹುಪಾಲು ತನ್ನದೇ ದಾರಿಯಲ್ಲಿ ಓಡುತ್ತಿದೆ. ತಿಂಗಳ ಪಾಸಿನ ಅರ್ಧ ದುಡ್ಡು ಅಂಗಡಿಯೇ ಕೊಟ್ಟರೆ ಓಣಿಗೆ ಬರುವ ಮೂರು ಗಾಡಿಯಲ್ಲಿ ಒಂದಾದರೂ ಕಡಿಮೆಯಾಗುತ್ತದೆ. ಒಂದು ಜಾಗ, ದಿನಕ್ಕೆ ಹದಿನೈದು ಗಿರಾಕಿ. ಪಾಸು ಅಗ್ಗವೋ ತುಟ್ಟಿಯೋ ನೀವೇ ಲೆಕ್ಕ ಹಾಕಿ.

ಕಾನೂನಿನ ಮಾತು ಸ್ವಲ್ಪ. ಅಂಗಡಿ ಮುಂದೆ ಕಲ್ಲು, ಹೂವಿನ ಕುಂಡ, ಗೊಂಬೆ ನಿಲ್ಲಿಸಿ ಜಾಗ ಹಿಡಿಯುವಂತಿಲ್ಲ. ಅಂಗಡಿ ನಿಮ್ಮದು, ರಸ್ತೆ ಊರಿನದು. ‘ಇಲ್ಲಿ ಗಾಡಿ ಹಚ್ಚಿದರೆ ಹವಾ ತೆಗೆಯಲಾಗುವುದು’ ಅಂತ ಬೋರ್ಡು ಹಾಕುವವರಿದ್ದಾರೆ. ಹವಾ ತೆಗೆಯಲು ಯಾರಿಗೂ ಅಧಿಕಾರ ಇಲ್ಲ, ಪೊಲೀಸರಿಗೂ ಇಲ್ಲ. ಎಲ್ಲಿ ಪಾರ್ಕಿಂಗ್, ಎಲ್ಲಿ ಅಲ್ಲ ಅಂತ ಗೊತ್ತು ಮಾಡುವುದು ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ ಸರಕಾರ ಅಥವಾ ಅದು ಅಧಿಕಾರ ಕೊಟ್ಟವರು, ಅದೂ ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ. ಹಾಗಾಗಿ ಬರೀ ಪಾಲಿಕೆಗೆ ಅರ್ಜಿ ಕೊಟ್ಟರೆ ಸಾಲದು, ಸಂಚಾರ ಪೊಲೀಸರಿಗೂ ಕೊಡಿ. ಒಬ್ಬರಿಗೆ ಕೊಟ್ಟರೆ ಅವರು ಇನ್ನೊಬ್ಬರನ್ನು ತೋರಿಸುತ್ತಾರೆ. ಇನ್ನು ಪಾದಚಾರಿ ದಾರಿಯ ಮೇಲೆ, ಬಸ್ ನಿಲ್ದಾಣದಲ್ಲಿ, ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ಬೋರ್ಡು ಇರಲಿ ಬಿಡಲಿ ತಪ್ಪೇ.

ಬೆಸ ದಿನ ಒಂದು ಬದಿ, ಸಮ ದಿನ ಇನ್ನೊಂದು ಬದಿ ಅನ್ನುವ ಪದ್ಧತಿ ಕೇಳಿ ಅಂತ ಯಾರಾದರೂ ಸಲಹೆ ಕೊಟ್ಟಾರು. ಎರಡೂ ಬದಿಯ ಅಂಗಡಿಯವರ ಜಗಳ ನಿಲ್ಲುತ್ತದೆ, ಅಷ್ಟೇ. ದಿನವಿಡೀ ನಿಲ್ಲುವ ಗಾಡಿ ಈ ಬದಿಯ ಬದಲು ಆ ಬದಿಯಲ್ಲಿ ನಿಲ್ಲುತ್ತದೆ.

ಸಾಮಾನು ಇಳಿಸುವ ಹೊತ್ತು ಮಾತ್ರ ತಪ್ಪದೆ ಗೊತ್ತು ಮಾಡಿಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಟಾಟಾ ಏಸ್ ಓಣಿಯಲ್ಲಿ ನಿಂತು ಹಮಾಲರು ಬೇಲ್ ಇಳಿಸತೊಡಗಿದರೆ ಹತ್ತು ಜಾಗವೂ ಹೋಯಿತು, ದಾರಿಯೂ ಹೋಯಿತು. ಮುಂಜಾನೆ ಒಂಬತ್ತೂವರೆಯ ಒಳಗೆ ಅಥವಾ ರಾತ್ರಿ ಎಂಟೂವರೆಯ ಮೇಲೆ ಅಂತ ಟ್ರಾನ್ಸ್‌ಪೋರ್ಟಿನವರಿಗೆ ಎಲ್ಲ ಅಂಗಡಿಯವರೂ ಒಂದೇ ಮಾತು ಹೇಳಬೇಕು.

ದೂರದ ಮಾತು ಒಂದಿದೆ. ಜಪಾನಿನಲ್ಲಿ 1962ರಲ್ಲೇ ಕಾನೂನು ಮಾಡಿದರು. ಕಾರು ನಿಲ್ಲಿಸಲು ಮನೆಯಿಂದ 2 ಕಿಲೋಮೀಟರಿನ ಒಳಗೆ ಸ್ವಂತ ಅಥವಾ ಬಾಡಿಗೆಯ ಜಾಗ ಇದೆ ಅಂತ ಪೊಲೀಸರ ಪತ್ರ ತಂದರೆ ಮಾತ್ರ ಅಲ್ಲಿ ನೋಂದಣಿ. ನಮ್ಮಲ್ಲಿ ಕೆಎ 63 ಅಂತ ಹೊಸ ನಂಬರು ಬರೆಸುವಾಗ ಸಾಲದ ಕಾಗದ ಕೇಳುತ್ತಾರೆ, ವಿಮೆ ಕೇಳುತ್ತಾರೆ, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಕೇಶ್ವಾಪುರ, ವಿದ್ಯಾನಗರದ ಒಳರಸ್ತೆಗಳಲ್ಲಿ ರಾತ್ರಿ ಹತ್ತರ ಮೇಲೆ ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ. ಮೂವತ್ತು ನಲವತ್ತು ಬಾಡಿಗೆ ಮನೆ, ಪ್ರತಿ ಗೇಟಿನ ಹೊರಗೂ ಕವರ್ ಹೊದ್ದ ಒಂದು ಕಾರು. ಅದು ನಿಮ್ಮ ಪ್ರಶ್ನೆ ಅಲ್ಲ, ಅದಕ್ಕೆ ಇಲ್ಲಿಗೆ ಬಿಡುತ್ತೇನೆ.

ಮನವಿಗೆ ಸಹಿ ಮಾಡುವ ಮೊದಲು ಎಣಿಸಿ. ದೀಪಾವಳಿ, ಗಣೇಶ ಹಬ್ಬದ ವಾರ ಬೇಡ, ಅದು ವರ್ಷದ ಲೆಕ್ಕ ಹೇಳುವುದಿಲ್ಲ. ಒಂದು ಸಾಧಾರಣ ಬುಧವಾರ, ಒಂದು ಶನಿವಾರ. ಅರ್ಧ ತಾಸಿಗೊಮ್ಮೆ, ಕೊನೆಯ ನಾಲ್ಕು ಅಂಕಿ, ಒಂದು ಹಾಳೆ. ಗಾಡಿಯ ಸೀಟಿನ ಮೇಲೆ ಹೆಲ್ಮೆಟ್ಟೋ ಟವೆಲ್ಲೋ ಇದ್ದರೆ ಪಕ್ಕದಲ್ಲಿ ಒಂದು ಗುರುತು ಹಾಕಿಕೊಳ್ಳಿ, ಅವು ಬಹುತೇಕ ಓಣಿಯವರದೇ ಇರುತ್ತವೆ. ಈ ಹಾಳೆಯನ್ನು ಮನವಿಗೆ ಲಗತ್ತಿಸಿ ಕೊಡಿ, ಜಾಗ ಇಲ್ಲ ಅಂತ ಹತ್ತು ಸಾಲು ಬರೆಯುವುದಕ್ಕಿಂತ ಅಧಿಕಾರಿಗಳು ಇದನ್ನು ಮೊದಲು ಓದುತ್ತಾರೆ. ಎಣಿಸಲು ಕಾಲೇಜಿನ ಹುಡುಗರನ್ನು ಕರೆಸಿ, ಅಂಗಡಿಯ ಹುಡುಗರು ಬೇಡ. ಅವರು ಮಾಲೀಕರ ಗಾಡಿಯ ನಂಬರು ಬರೆಯುವುದಿಲ್ಲ.